ಹೊತ್ತು ಮೀರುವ ಮುನ್ನ

ಪುಟ್ಟಿ,

ಇಂದು ಎರಡನೇ ಶನಿವಾರ, ಬ್ಯಾಂಕಿಗೆ ರಜೆ. ನೀನು ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ ಕಣ್ಣು ಮುಚ್ಚಿದೆ. ಇಷ್ಟು ಕರಾರುವಾಕ್ಕಾಗಿ ಹೇಗೆ ಗೊತ್ತು ಎಂದು ಕೇಳಬೇಡ. ಏಳು ತಿಂಗಳಿಂದ ಈ ಮನೆಯಲ್ಲಿ ಗಡಿಯಾರ ನೋಡುವುದೇ ಅದಕ್ಕಾಗಿ. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕ ಬರೆಯುತ್ತಿದ್ದ ಚೌಕಗಳಲ್ಲೇ ಅಜ್ಜಿ ಈಗ ನಿನ್ನ ನಿದ್ದೆಯ ಲೆಕ್ಕವನ್ನೂ ಬರೆಯುತ್ತಾಳೆ. ಸಂಜೆ ಕೆಲಸದಿಂದ ಬಂದವಳು ಕೈಕಾಲು ತೊಳೆಯುವ ಮೊದಲೇ ಅದನ್ನು ಓದುತ್ತೇನೆ. ‘10ರಿಂದ 11, 1ರಿಂದ 2.30’ ಎಂದಿದ್ದರೆ ರಾತ್ರಿಯ ಸಾರನ್ನು ಬಿಸಿಯಿರುವಾಗಲೇ ಉಣ್ಣಬಹುದು. ‘10ರಿಂದ 10.20’ ಎಂದಷ್ಟೇ ಇದ್ದರೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಳ್ಳುವುದು ಒಳ್ಳೆಯದು.

ನಿನಗೆ ಮೂರು ತಿಂಗಳಿದ್ದಾಗ ನಾನೊಂದು ಪೆದ್ದತನ ಮಾಡಿದೆ. ‘ಹಗಲೆಲ್ಲ ಮಲಗಿಸಿದರೆ ರಾತ್ರಿಗೆ ನಿದ್ದೆ ಎಲ್ಲಿ ಉಳಿಯುತ್ತದೆ?’ ಎಂದು ಪಕ್ಕದ ಮನೆಯವರು ಹೇಳಿದ್ದು ಬ್ಯಾಂಕಿನವಳಾದ ನನಗೆ ಬಹಳ ಸರಿ ಎನಿಸಿತು. ಹಗಲು ತೆಗೆಯದಿದ್ದರೆ ರಾತ್ರಿಗೆ ಖಾತೆಯಲ್ಲಿ ಇರಲೇಬೇಕಲ್ಲ! ಒಂದು ದಿನ ಪೂರ್ತಿ ನಿನ್ನನ್ನು ಎಚ್ಚರವಿಟ್ಟೆ. ಗಿಲಕಿ ಆಡಿಸಿದೆ, ಕಿಟಕಿಯಲ್ಲಿ ಕಾಗೆ ತೋರಿಸಿದೆ, ರೆಪ್ಪೆ ಇಳಿದಾಗೆಲ್ಲ ಅಂಗಾಲಿಗೆ ಕಚಗುಳಿ ಇಟ್ಟೆ. ಸಂಜೆ ಆರಕ್ಕೆ ಶುರುವಾದ ಅಳು ಹನ್ನೊಂದಾದರೂ ನಿಲ್ಲಲಿಲ್ಲ. ಬೆನ್ನು ಬಿಲ್ಲಿನಂತೆ ಬಾಗಿಸಿ, ಹಾಲು ಬಾಯಿಗಿಟ್ಟರೆ ತಲೆ ತಿರುಗಿಸಿ ಕಿರುಚಿದೆ. ಅಜ್ಜಿ ನಿನ್ನನ್ನು ನನ್ನ ಕೈಯಿಂದ ತೆಗೆದುಕೊಂಡು, ದೀಪ ಆರಿಸಿ, ‘ಕೂಸಿಗೆ ನಿದ್ದೆಯ ಹೊತ್ತು ಮೀರಿದೆ. ನಿದ್ದೆ ಏನು ಗಂಟು ಕಟ್ಟಿಡುವ ವಸ್ತುವೇ?’ ಎಂದಷ್ಟೇ ಹೇಳಿದಳು. ಮುಂದಿನ ವಾರ ಲಸಿಕೆಗೆ ಹೋದಾಗ ವೈದ್ಯರೂ ಅದನ್ನೇ ಬೇರೆ ಮಾತಿನಲ್ಲಿ ಹೇಳಿದರು: ಅತಿಯಾಗಿ ದಣಿದ ಮಗುವಿನ ಮೈಯಲ್ಲಿ ಕಾರ್ಟಿಸಾಲ್‌ನಂಥ ಎಚ್ಚರದ ಹಾರ್ಮೋನುಗಳು ಏರುತ್ತವೆ, ಆಗ ಅದಕ್ಕೆ ನಿದ್ದೆ ಬೇಕಿದ್ದರೂ ಬರುವುದಿಲ್ಲ. ನಾಲ್ಕು ತಿಂಗಳಿಂದ ಒಂದು ವರ್ಷದವರೆಗೆ ಹಗಲಿನದೂ ಸೇರಿ ದಿನಕ್ಕೆ 12ರಿಂದ 16 ಗಂಟೆ ನಿದ್ದೆ ಬೇಕಂತೆ.

ಅಂದಿನಿಂದ ನಾನು ನಿನ್ನ ಮುಖ ಓದಲು ಕಲಿತೆ. ಆಕಳಿಕೆ ಬರುವ ತನಕ ಕಾಯುವುದು ದಡ್ಡತನ. ಮೊದಲು ನಿನ್ನ ಎಡಹುಬ್ಬಿನ ಮೇಲೆ ತೆಳುವಾಗಿ ಕೆಂಪೇರುತ್ತದೆ. ಆಮೇಲೆ ಕೈಲಿದ್ದ ಚಮಚ ಬೇಡವಾಗುತ್ತದೆ, ಕಿವಿ ಎಳೆದುಕೊಳ್ಳುತ್ತೀ, ತಿರುಗದ ಫ್ಯಾನನ್ನು ಯಾವುದೋ ದೊಡ್ಡ ವಿಚಾರವಿರುವವಳಂತೆ ದಿಟ್ಟಿಸುತ್ತೀ. ಅಲ್ಲಿಂದ ಹತ್ತು ನಿಮಿಷ ನಮಗೆ ಸಿಗುತ್ತದೆ. ಆ ಹತ್ತು ನಿಮಿಷದಲ್ಲಿ ಗ್ಯಾಸ್ ಸಿಲಿಂಡರಿನವನು ಬಂದರೆ ಮುಗಿಯಿತು.

ನೀನು ಮಲಗಿರುವುದು ಕಲಘಟಗಿಯ ತೊಟ್ಟಿಲಲ್ಲಿ. ಧಾರವಾಡದಿಂದ ಕಲಘಟಗಿ ದೂರವಲ್ಲ. ಅಜ್ಜಿಯ ಚೊಚ್ಚಲ ಬಾಣಂತನಕ್ಕೆ ಅವಳ ತವರಿನವರು ತಂದದ್ದು. ಅರಗಿನ ಬಣ್ಣ ಇನ್ನೂ ಹೊಳೆಯುತ್ತದೆ. ಒಂದು ಗಿಳಿಯ ಕೊಕ್ಕು ಮಾತ್ರ ಅಳಿಸಿದೆ, ಅದನ್ನು ನೆಕ್ಕಿದವಳು ನಾನೇ ಎಂದು ಅಜ್ಜಿಯ ಆರೋಪ. ಈ ತೊಟ್ಟಿಲಿಗಾಗಿ ನಮ್ಮಿಬ್ಬರ ನಡುವೆ ಒಂದೇ ಜಗಳವಾದದ್ದು, ಸಾಸಿವೆ ದಿಂಬಿನದು. ತಲೆ ಗುಂಡಗಾಗಲು ಅದು ಬೇಕೇ ಬೇಕು ಎಂದು ಅವಳು. ಮಗುವನ್ನು ಅಂಗಾತ ಮಲಗಿಸಿ, ಉಸಿರಿಗೆ ಅಡ್ಡ ಬರುವ ದಿಂಬು, ಮೆತ್ತನೆಯ ಹೊದಿಕೆ ಯಾವುದೂ ಬೇಡ ಎಂದು ವೈದ್ಯರು. ವೈದ್ಯರ ಹೆಸರಿನಲ್ಲಿ ನಾನೇ ಗೆದ್ದೆ. ದಿಂಬು ಈಗ ಅಜ್ಜಿಯ ಕುತ್ತಿಗೆಯ ಕೆಳಗಿದೆ.

ಹೆಗಲಿನಿಂದ ತೊಟ್ಟಿಲಿಗೆ ಇಳಿಸುವುದೊಂದು ವಿದ್ಯೆ. ನಿನ್ನ ಮುಷ್ಟಿ ಸಡಿಲಾಗಿ, ಎತ್ತಿಬಿಟ್ಟ ಕೈ ಹಿಂಡಿದ ಬಟ್ಟೆಯಂತೆ ತೂಗುಬಿದ್ದರೆ ಇಳಿಸಬಹುದು. ಮೊದಲು ಕುಂಡೆ, ಆಮೇಲೆ ಬೆನ್ನು, ಕೊನೆಗೆ ತಲೆ. ಎಲ್ಲ ಸರಿಯಾಗಿ ನಡೆದು ನಾನು ಮೇಲೇಳುವಾಗ ನನ್ನ ಮಂಡಿ ‘ಟಕ್’ ಎನ್ನುತ್ತದೆ. ನೀನು ಕಣ್ಣು ತೆರೆಯುತ್ತೀ. ಬಾಣಂತನದಲ್ಲಿ ತಿಂದ ಅಂಟಿನುಂಡೆಗಳೆಲ್ಲ ಎಲ್ಲಿಗೆ ಹೋದವೋ ತಿಳಿಯದು.

ಒಂದು ಕಾಲಕ್ಕೆ ನಿನ್ನ ನಿದ್ದೆಯೆಂದರೆ ನನ್ನ ಕೆಲಸಕ್ಕೆ ಸಿಗುವ ಬಿಡುವು ಎಂದಷ್ಟೇ ತಿಳಿದಿದ್ದೆ. 2015ರಲ್ಲಿ ಜರ್ಮನಿಯ ಸಂಶೋಧಕರು ಪ್ರಕಟಿಸಿದ ಪ್ರಯೋಗವೊಂದನ್ನು ಓದಿದ ಮೇಲೆ ಅದು ನಿನ್ನದೇ ಕೆಲಸದ ಹೊತ್ತು ಎನಿಸಿತು. ಆರು ತಿಂಗಳ ಮತ್ತು ಒಂದು ವರ್ಷದ ಮಕ್ಕಳಿಗೆ ಗೊಂಬೆಯ ಕೈಗವಸು ತೆಗೆದು ಅಲ್ಲಾಡಿಸಿ ತೋರಿಸಿದರು. ಅದಾದ ನಾಲ್ಕು ಗಂಟೆಯೊಳಗೆ ಅರ್ಧ ಗಂಟೆಯಾದರೂ ಮಲಗಿದ ಮಕ್ಕಳು ಅದನ್ನು ನೆನಪಿಟ್ಟುಕೊಂಡು ಮಾಡಿದವು, ಮಲಗದವು ಮರೆತವು. ನೀನೂ ಇಂದು ಬೆಳಿಗ್ಗೆ ಸ್ಟೀಲ್ ಲೋಟವನ್ನು ನೆಲಕ್ಕೆ ಬಿಟ್ಟರೆ ಸದ್ದಾಗುತ್ತದೆ ಎಂದು ಕಂಡುಹಿಡಿದೆ. ಹದಿನಾಲ್ಕು ಬಾರಿ ನಾನು ಎತ್ತಿಕೊಟ್ಟೆ. ಈಗ ಒಳಗೆ ಅದನ್ನೇ ಗಟ್ಟಿ ಮಾಡಿಕೊಳ್ಳುತ್ತಿರಬೇಕು. ಮಧ್ಯಾಹ್ನ ಕೆಳಮನೆಯವರು ಮತ್ತೆ ಕೇಳಿಸಿಕೊಳ್ಳಲಿದ್ದಾರೆ.

ಹಾಲಿಲ್ಲದೆಯೂ ನಿನ್ನ ತುಟಿ ಚೀಪುತ್ತಿದೆ. ಈಗೊಮ್ಮೆ ಬಾಯಿಯ ಒಂದೇ ಬದಿ ನಕ್ಕಿತು. ಕೂಸುಗಳನ್ನು ಕಾಯುವ ದೇವತೆ ಸೆಟವಿ ನಗಿಸುತ್ತಿದ್ದಾಳೆ ಎನ್ನುತ್ತಾಳೆ ಅಜ್ಜಿ. ರೆಪ್ಪೆಯ ಕೆಳಗೆ ಕಣ್ಣು ಓಡಾಡುವ ಹಗುರ ನಿದ್ದೆ ಅದು ಎಂದು ನಾನು ವಾದಿಸುವುದಿಲ್ಲ. ನಿನ್ನ ವಿಷಯದಲ್ಲಿ ಅಜ್ಜಿಯ ಕಡೆಯ ವಿವರಣೆಯೇ ಚೆನ್ನಾಗಿದೆ.

ಹೆರಿಗೆ ರಜೆಯ 26 ವಾರಗಳಲ್ಲಿ ಎರಡನ್ನು ನೀನು ಹುಟ್ಟುವ ಮುನ್ನವೇ ಕಳೆದಿದ್ದೆ. ಉಳಿದ 24 ವಾರ ‘ಇವಳು ಯಾವಾಗ ಮಲಗುತ್ತಾಳೋ’ ಎಂದು ಕಾದೆ. ಈಗ ಗಂಟೆ ಹನ್ನೆರಡೂವರೆ. ರಾಗಿ ಸರಿಗೆ ಹಿಟ್ಟು ಜರಡಿ ಹಿಡಿದಾಯಿತು, ಬಟ್ಟೆ ಒಣಹಾಕಿಯಾಯಿತು, ಎದೆ ಏರಿಳಿಯುತ್ತಿದೆಯೇ ಎಂದು ಮೂರು ಸಲ ಬಗ್ಗಿ ನೋಡಿಯೂ ಆಯಿತು. ಕ್ಯಾಲೆಂಡರಿನ ಇಂದಿನ ಚೌಕದಲ್ಲಿ ‘11.10ರಿಂದ’ ಎಂದು ಬರೆದು ಮುಂದಿನದನ್ನು ಖಾಲಿ ಬಿಟ್ಟಿದ್ದೇನೆ. ಸೋಮವಾರ ಮತ್ತೆ ಬ್ಯಾಂಕು. ತೊಟ್ಟಿಲ ಹಗ್ಗ ನನ್ನ ಕೈಗೆ ಸಿಗುವಷ್ಟು ಹತ್ತಿರವಿದೆ, ಒಂದು ಸಲ ತುಸು ಜೋರಾಗಿ ಎಳೆದರೆ ನೀನು ಏಳುತ್ತೀ. ಅಜ್ಜಿ ಬಾಗಿಲಲ್ಲಿ ಕುಳಿತು ಅವರೆಕಾಳು ಸುಲಿಯುತ್ತಾ ನನ್ನ ಕೈಯನ್ನೇ ನೋಡುತ್ತಿದ್ದಾಳೆ.

ನಿನ್ನ,
ಅಮ್ಮ