ಮಂಡಳಿಗೆ ನೇಮಿಸುವ ಮೊದಲು ನಕ್ಷೆ ಮುಂದಿಟ್ಟು ಮಾತಾಡಿಸಿ: ಮೇಯರ್ ಅವರಿಗೊಂದು ಬಹಿರಂಗ ಪತ್ರ

ಮಾನ್ಯ ಮೇಯರ್ ಅವರಿಗೆ,

ನಮಸ್ಕಾರ.

ಯೋಜನಾ ಮಂಡಳಿಯಲ್ಲಿ ಒಂದು, ಹಳೆಯ ಬಡಾವಣೆ ಕೆಡವಿ ಹೊಸದು ಕಟ್ಟುವುದನ್ನು ನೋಡಿಕೊಳ್ಳುವ ಪುನರಾಭಿವೃದ್ಧಿ ಮಂಡಳಿಯಲ್ಲಿ ಎರಡು ಸ್ಥಾನ ಸದ್ಯದಲ್ಲೇ ಖಾಲಿ ಆಗುತ್ತಿವೆ. ಆ ಮೂರು ಹೆಸರು ಸೂಚಿಸುವವರು ನೀವು. ಕಳೆದ ಸಲ ಈ ಕೆಲಸ ಹೇಗಾಯಿತು ಅಂತ ನಿಮಗೂ ನೆನಪಿರಬಹುದು. ಹೆಸರುಗಳು ಹೊರಗೆ ಬಂದದ್ದೇ ಸಭೆಯ ದಿನ ಬೆಳಿಗ್ಗೆ. ಒಬ್ಬರು ಸೂಚಿಸಿದರು, ಇನ್ನೊಬ್ಬರು ಅನುಮೋದಿಸಿದರು, ಉಳಿದವರು ಕೈ ಎತ್ತಿದರು. ಐದು ನಿಮಿಷವೂ ಹಿಡಿಯಲಿಲ್ಲ. ಆಯ್ಕೆಯಾದವರನ್ನು ಯಾರೂ ಒಂದೇ ಒಂದು ಪ್ರಶ್ನೆ ಕೇಳಲಿಲ್ಲ. ಈ ಸಲ ಹಾಗಾಗದಿರಲಿ ಅಂತ ಕೇಳಿಕೊಳ್ಳಲು ಈ ಪತ್ರ ಬರೆಯುತ್ತಿದ್ದೇನೆ.

ಈ ಮಂಡಳಿಗಳ ಸಭೆಗಳಿಗೆ ನಾನು ಮೂರು ವರ್ಷದಿಂದ ಹೋಗುತ್ತಿದ್ದೇನೆ. ಹಿಂದಿನ ಸಾಲಿನಲ್ಲಿ ಕೂತು ಬರೆದುಕೊಳ್ಳುತ್ತೇನೆ. ಅಲ್ಲಿ ಕಂಡ ಒಂದು ಸಂಜೆಯ ವಿಷಯ ಮೊದಲು ಹೇಳುತ್ತೇನೆ.

ಗೋಡೆಗೆ ದೊಡ್ಡ ನಕ್ಷೆ ಅಂಟಿಸಿದ್ದರು. ಅದರ ಮೇಲೆ ದಪ್ಪನೆಯ ಕೆಂಪು ಗೆರೆ. ಗೆರೆಯ ಒಳಗೆ ಬಂದದ್ದೆಲ್ಲ ಪುನರಾಭಿವೃದ್ಧಿ ಪ್ರದೇಶ. ಎಪ್ಪತ್ತು ದಾಟಿದ ಒಬ್ಬ ಅಜ್ಜಿ ಎದ್ದು ಬಂದು ನಕ್ಷೆಯ ಮುಂದೆ ನಿಂತರು. ಮೊದಲು ರಸ್ತೆಯ ತಿರುವು ಹುಡುಕಿದರು. ಅಲ್ಲಿಂದ ಬೆರಳಿಟ್ಟು ಮನೆಗಳನ್ನು ಎಣಿಸುತ್ತಾ ಹೋದರು. ಒಂದು, ಎರಡು, ಮೂರು, ನಾಲ್ಕು. ಐದನೆಯದರ ಮೇಲೆ ಬೆರಳು ನಿಂತಿತು. "ಇದು ನಮ್ಮದು" ಅಂದರು. ಗೆರೆ ಸರಿಯಾಗಿ ಆ ಮನೆಯ ಅಂಗಳದ ಮೇಲೆ ಹಾದುಹೋಗಿತ್ತು. "ಹಾಗಾದರೆ ಮನೆ ಒಳಗಾ, ಹೊರಗಾ?" ಅಂತ ಕೇಳಿದರು. ಮಂಡಳಿಯ ಸದಸ್ಯರೊಬ್ಬರು ಹತ್ತಿರ ಬಂದು, ಕನ್ನಡಕ ಸರಿಮಾಡಿಕೊಂಡು, ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಪಕ್ಕದಲ್ಲಿದ್ದ ಅಧಿಕಾರಿಯನ್ನು ಕೇಳಿದರು: "ಇದರಲ್ಲಿ ಉತ್ತರ ಯಾವ ಕಡೆ ಬರುತ್ತೆ?"

ಅಜ್ಜಿಗೆ ಉತ್ತರ ಸಿಗಲಿಲ್ಲ. ಅದೇ ಸಂಜೆ ಆ ನಕ್ಷೆಗೆ ಒಪ್ಪಿಗೆ ಸಿಕ್ಕಿತು. ಆ ಸದಸ್ಯರೂ ಕೈ ಎತ್ತಿದರು.

ಅವರು ಕೆಟ್ಟವರೇನಲ್ಲ. ಸಭೆಗೆ ತಪ್ಪದೆ ಬರುತ್ತಾರೆ, ಜನರ ಜೊತೆ ಮರ್ಯಾದೆಯಿಂದ ಮಾತಾಡುತ್ತಾರೆ. ಆದರೆ ಅವರನ್ನು ನೇಮಿಸುವಾಗ ಯಾರೂ ಅವರ ಮುಂದೆ ಒಂದು ನಕ್ಷೆ ಹರಡಿ ಕೂತು ಮಾತಾಡಿರಲಿಲ್ಲ. ಸಣ್ಣದೊಂದು ಅಂಗಡಿಗೆ ಲೆಕ್ಕ ಬರೆಯುವವರನ್ನು ಸೇರಿಸಿಕೊಳ್ಳುವಾಗಲೂ ಕೂಡಿಸಿ ಕಳೆಯಲು ಬರುತ್ತಾ ಅಂತ ನೋಡುತ್ತಾರೆ, ಅಲ್ವಾ? ಇಲ್ಲಿ ಜನರ ಮನೆಗಳ ಮೇಲೆ ಗೆರೆ ಎಳೆಯುವ ಕೆಲಸ.

"ಮಂಡಳಿ ತಪ್ಪು ಮಾಡಿದರೆ ಕೋರ್ಟ್ ಇದೆಯಲ್ಲ" ಅಂತ ನಿಮ್ಮ ಕಚೇರಿಯಲ್ಲೇ ಒಬ್ಬರು ನನಗೆ ಹೇಳಿದರು. ಆ ಮಾತಿನ ಮೇಲೆ ಜಾಸ್ತಿ ಭರವಸೆ ಇಡಬೇಡಿ. ಅಮೆರಿಕದ ಕನೆಕ್ಟಿಕಟ್ ರಾಜ್ಯದ ನ್ಯೂ ಲಂಡನ್ ಊರಿನಲ್ಲಿ ಸುಸೆಟ್ ಕೀಲೊ ಎಂಬುವರಿಗೆ ಗುಲಾಬಿ ಬಣ್ಣದ ಒಂದು ಪುಟ್ಟ ಮನೆ ಇತ್ತು. ಆ ಜಾಗಕ್ಕೆ ಪುನರಾಭಿವೃದ್ಧಿ ಯೋಜನೆ ಮಾಡಿದ್ದು ಜನ ಆರಿಸಿದ ಸಂಸ್ಥೆ ಅಲ್ಲ, ಲಾಭರಹಿತವಾದ ಒಂದು ಖಾಸಗಿ ನಿಗಮ. ಮನೆ ಬಿಟ್ಟುಕೊಡಲು ಒಪ್ಪದೆ ಕೀಲೊ ಸುಪ್ರೀಂ ಕೋರ್ಟ್‌ವರೆಗೂ ಹೋದರು. 2005ರ ಜೂನ್‌ನಲ್ಲಿ ತೀರ್ಪು ಬಂತು. ಐವರು ನ್ಯಾಯಮೂರ್ತಿಗಳು ಊರಿನ ಆಡಳಿತದ ಪರ, ನಾಲ್ವರು ಕೀಲೊ ಪರ. ಊರಿನ ಆಡಳಿತ ಯೋಚಿಸಿ ಒಪ್ಪಿದ ಯೋಜನೆ ಸರಿಯೋ ತಪ್ಪೋ ಅಂತ ತೂಗುತ್ತಾ ಕೂರುವುದು ತಮ್ಮ ಕೆಲಸವಲ್ಲ ಅನ್ನುವುದು ಬಹುಮತದವರ ನಿಲುವಾಗಿತ್ತು. ಕೀಲೊ ಅವರ ಮನೆಯನ್ನು ಬಿಚ್ಚಿ ಬೇರೆ ಜಾಗಕ್ಕೆ ಸಾಗಿಸಿದರು. ಆ ಯೋಜನೆಗೆ ಆಸರೆಯಾಗಿದ್ದ ಔಷಧ ಕಂಪನಿ ಫೈಜರ್ 2009ರಲ್ಲಿ ಆ ಊರು ಬಿಡುವುದಾಗಿ ಹೇಳಿತು. ಜನರನ್ನು ಎಬ್ಬಿಸಿದ ಜಾಗ ವರ್ಷಗಟ್ಟಲೆ ಖಾಲಿ ಬಿದ್ದಿತ್ತು, ಹುಲ್ಲು ಬೆಳೆಯಿತು.

ಈ ಕತೆಯಲ್ಲಿ ನನಗೆ ದೊಡ್ಡದಾಗಿ ಕಂಡಿದ್ದು ತೀರ್ಪು ಯಾರ ಪರ ಬಂತು ಅನ್ನುವುದಕ್ಕಿಂತ, ಕೋರ್ಟ್ ಆ ನಿರ್ಧಾರವನ್ನು ಊರಿನ ಆಡಳಿತದ ಮೇಲೇ ಬಿಟ್ಟಿತು ಅನ್ನುವುದು. ಮೇಲಿನವರು ಹೀಗೆ ಕೆಳಗಿನವರನ್ನು ನಂಬಿ ಕೂತರೆ, ಮನೆ ಉಳಿಯುವುದೂ ಹೋಗುವುದೂ ಆ ಮೇಜಿನ ಸುತ್ತ ಕೂತ ಏಳೆಂಟು ಜನರ ಕೈಯಲ್ಲೇ. ಅವರನ್ನು ಆರಿಸುವವರು ನೀವು.

ಓಟು ಪಡೆದು ಬಂದವರನ್ನು ಜನ ಓಟಿನಿಂದಲೇ ಇಳಿಸಬಹುದು. ನೇಮಕವಾಗಿ ಬಂದವರನ್ನು ಹಾಗೆ ಇಳಿಸಲು ಆಗುವುದಿಲ್ಲ. ನ್ಯೂಯಾರ್ಕ್‌ನ ರಾಬರ್ಟ್ ಮೋಸೆಸ್ 1934ರಲ್ಲಿ ಗವರ್ನರ್ ಹುದ್ದೆಗೆ ನಿಂತು ಸೋತರು. ಜೀವನದಲ್ಲಿ ಒಂದು ಚುನಾವಣೆಯನ್ನೂ ಗೆಲ್ಲಲಿಲ್ಲ. ಆದರೂ ಒಂದು ಕಾಲಕ್ಕೆ ಹನ್ನೆರಡು ಹುದ್ದೆಗಳಲ್ಲಿ ಒಟ್ಟಿಗೆ ಇದ್ದರು, ಎಲ್ಲವೂ ನೇಮಕದಿಂದ ಸಿಕ್ಕಿದ್ದು. ಅವರು ಕಟ್ಟಿಸಿದ ಪಾರ್ಕು, ಸೇತುವೆಗಳನ್ನು ಜನ ಇವತ್ತಿಗೂ ಬಳಸುತ್ತಾರೆ. ಅವರ ಹೆದ್ದಾರಿಗಳಿಗಾಗಿ ಮನೆ ಕಳೆದುಕೊಂಡ ಸಾವಿರಾರು ಕುಟುಂಬಗಳಿಗೆ ಮಾತ್ರ ಅವರನ್ನು ಪ್ರಶ್ನಿಸಲು ಒಂದು ಮತಪೆಟ್ಟಿಗೆ ಇರಲಿಲ್ಲ.

ಬೋಸ್ಟನ್‌ನ ವೆಸ್ಟ್ ಎಂಡ್ ಬಡಾವಣೆಯದ್ದು ಇನ್ನೂ ನೋವಿನ ಸಂಗತಿ. 1950ರ ದಶಕದ ಕೊನೆಯಲ್ಲಿ ಅದನ್ನು ಕೊಳೆಗೇರಿ ಅಂತ ಕರೆದು ಬಹುತೇಕ ಪೂರ್ತಿ ಕೆಡವಿದರು. ಸುಮಾರು 2,700 ಕುಟುಂಬಗಳು ಚೆಲ್ಲಾಪಿಲ್ಲಿ ಆದವು. ಆ ಜಾಗದಲ್ಲಿ ಮೇಲೆದ್ದದ್ದು ದುಬಾರಿ ಅಪಾರ್ಟ್‌ಮೆಂಟುಗಳು. ಅಲ್ಲಿನ ಪುನರಾಭಿವೃದ್ಧಿ ಸಂಸ್ಥೆ 2015ರಲ್ಲಿ ಆ ಜನರ ಕ್ಷಮೆ ಕೇಳಿತು. ಅಷ್ಟರಲ್ಲಿ ಕ್ಷಮೆ ಕೇಳಿಸಿಕೊಳ್ಳಬೇಕಾದವರಲ್ಲಿ ಎಷ್ಟೋ ಜನ ಇರಲೇ ಇಲ್ಲ.

ಹಾಗಾಗಿ ಪರಿಶೀಲನೆ ಮೊದಲೇ ಆಗಬೇಕು. ನೇಮಕ ಆದಮೇಲೆ ಒಂದು ಫಾರಂ ತುಂಬಿಸಿ ಕಪಾಟಿಗೆ ಹಾಕುವುದಲ್ಲ.

ಆಸ್ತಿಯಿಂದ ಶುರುಮಾಡಿ. ಎರಡು ವರ್ಷದ ಹಿಂದೆ ಒಬ್ಬ ಸದಸ್ಯರು ಒಂದು ಯೋಜನೆಯ ಪರವಾಗಿ ಇಪ್ಪತ್ತು ನಿಮಿಷ ಮಾತಾಡಿದರು. ತುಂಬಾ ಚೆನ್ನಾಗಿಯೂ ಮಾತಾಡಿದರು, ನಾನೂ ತಲೆದೂಗಿದೆ. ಆಮೇಲೆ ಗೊತ್ತಾಯಿತು, ಕೆಂಪು ಗೆರೆಯ ಆಚೆ, ರಸ್ತೆಯ ಎದುರು ಬದಿಯಲ್ಲಿ, ಅವರ ಭಾವಮೈದುನನ ಜಮೀನು ಇತ್ತು. ಕೇಳಿದಾಗ "ಅದು ಗೆರೆಯ ಹೊರಗಿದೆ, ನನ್ನ ಹೆಸರಲ್ಲೂ ಇಲ್ಲ" ಅಂದರು. ಎರಡೂ ನಿಜ. ಆದರೆ ಗೆರೆಯ ಒಳಗಿನದನ್ನು ಕೆಡವಿ ಹೊಸದು ಕಟ್ಟಿದರೆ ಹೊರಗಿನ ಆ ಜಮೀನಿನ ಬೆಲೆ ಏನಾಗುತ್ತೆ ಅಂತ ಆ ಕೋಣೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಲಾಭ ಇರುವುದೇ ಎಷ್ಟೋ ಸಲ ಗೆರೆಯ ಹೊರಗೆ. ಒಳಗಿನವರು ಜಾಗ ಬಿಡಬೇಕು, ಹೊರಗಿನವರು ಬೆಲೆ ಏರುವುದನ್ನು ನೋಡುತ್ತಾ ಕೂರಬಹುದು.

ಇದನ್ನು ಬೇರೆ ಕಡೆ ಅರ್ಥ ಮಾಡಿಕೊಂಡಿದ್ದಾರೆ. ಕ್ಯಾಲಿಫೋರ್ನಿಯಾದಲ್ಲಿ 1974ರ ಒಂದು ಕಾನೂನಿನ ಪ್ರಕಾರ ಯೋಜನಾ ಮಂಡಳಿಯವರು ತಮ್ಮ ಆಸ್ತಿ, ಹೂಡಿಕೆ, ಆದಾಯದ ವಿವರ ಕೊಡಬೇಕು, ಅದನ್ನು ಯಾರು ಬೇಕಾದರೂ ನೋಡಬಹುದು. ಸದಸ್ಯರ ಆಸ್ತಿ ಯೋಜನೆಯ ಜಾಗದಿಂದ 500 ಅಡಿ ಒಳಗಿದ್ದರೆ, ಆ ನಿರ್ಧಾರದಿಂದ ಅವರಿಗೆ ಲಾಭವೋ ನಷ್ಟವೋ ಇದೆ ಅಂತಲೇ ಅಲ್ಲಿನ ನಿಯಮ ಮೊದಲು ಎಣಿಸುತ್ತದೆ. 500 ಅಡಿ ಅಂದರೆ ಸುಮಾರು 150 ಮೀಟರ್, ಎರಡು ನಿಮಿಷದ ನಡಿಗೆ.

ನನ್ನದೊಂದು ಸರಳ ಕೋರಿಕೆ. ಅಭ್ಯರ್ಥಿಯ ಮುಂದೆ ನಗರದ ನಕ್ಷೆ ಹರಡಿ, ಕೈಗೆ ಪೆನ್ಸಿಲ್ ಕೊಡಿ. ತಮ್ಮ ಆಸ್ತಿ ಎಲ್ಲೆಲ್ಲಿದೆ ಅಂತ ಅವರೇ ಗುರುತು ಹಾಕಲಿ. ಗಂಡ ಅಥವಾ ಹೆಂಡತಿ, ಮಕ್ಕಳು, ಒಡಹುಟ್ಟಿದವರು, ಬೀಗರು, ವ್ಯವಹಾರದ ಪಾಲುದಾರರು, ಎಲ್ಲರದ್ದೂ ಸೇರಿಸಿ. ಇನ್ನೂ ನೋಂದಣಿ ಆಗದೆ ಕರಾರಿನಲ್ಲೇ ಇರುವ, ಅಡ್ವಾನ್ಸ್ ಕೊಟ್ಟಿರುವ ಜಮೀನನ್ನೂ ಕೇಳಿ. ಮುಚ್ಚಿಡುವವರು ಮುಚ್ಚಿಡುವುದು ಜಾಸ್ತಿ ಅಲ್ಲೇ. ಹೀಗೆ ಮಾಡಿದರೆ ಎರಡು ವಿಷಯ ಒಟ್ಟಿಗೆ ತಿಳಿಯುತ್ತವೆ: ಅವರ ಹಿತ ಎಲ್ಲಿದೆ, ಅವರಿಗೆ ನಕ್ಷೆ ಓದಲು ಬರುತ್ತಾ.

"ನನಗೆ ಸಂಬಂಧಪಟ್ಟ ವಿಷಯ ಬಂದಾಗ ದೂರ ಉಳಿಯುತ್ತೇನೆ" ಅಂತ ಎಲ್ಲರೂ ಹೇಳುತ್ತಾರೆ. ದೂರ ಉಳಿಯುವುದು ಅಂದರೆ ಏನು ಅಂತ ಆಗಲೇ ಕೇಳಿಬಿಡಿ. ಕೋಣೆಯಿಂದ ಎದ್ದು ಹೋಗುತ್ತಾರಾ, ಇಲ್ಲಾ ಅಲ್ಲೇ ಸುಮ್ನೆ ಕೂತಿರುತ್ತಾರಾ? ಸುಮ್ನೆ ಕೂತ ಸದಸ್ಯರ ಮುಖ ನೋಡಿ ಉಳಿದವರು ಕೈ ಎತ್ತಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ನಕ್ಷೆಯ ತುಂಬಾ ಅವರ ಗುರುತುಗಳೇ ಇದ್ದರೆ, ಅರ್ಧ ಅಜೆಂಡಾಗೆ ಅವರು ಹೊರಗೇ ಇರಬೇಕಾಗುತ್ತದೆ. ಅಂಥವರಿಗೆ ಈ ಕುರ್ಚಿ ಸರಿಹೋಗುವುದಿಲ್ಲ.

ಇದರರ್ಥ ಕಟ್ಟಡದ ಕೆಲಸ ಬಲ್ಲವರು ಬೇಡ ಅಂತಲ್ಲ. ಆರ್ಕಿಟೆಕ್ಟ್, ಎಂಜಿನಿಯರ್, ವಕೀಲರು ಇಲ್ಲದೆ ಮಂಡಳಿ ನಡೆಯುವುದಿಲ್ಲ. ಒಳಚರಂಡಿ ಸಾಲುವುದಿಲ್ಲ ಅಂತ ಒಬ್ಬ ನಿವೃತ್ತ ಎಂಜಿನಿಯರ್ ಹಠ ಹಿಡಿದು ಒಂದು ಯೋಜನೆಯನ್ನು ವಾಪಸ್ ಕಳಿಸಿದ್ದು ನನಗೆ ನೆನಪಿದೆ. ಅಂಥ ಇಬ್ಬರಿದ್ದರೂ ಸಾಕು. ಆದರೆ ಈಗ ಇರುವ ಸದಸ್ಯರಲ್ಲಿ ಬಾಡಿಗೆ ಮನೆಯಲ್ಲಿ ಇರುವವರು ಒಬ್ಬರೂ ಇಲ್ಲ. ಬಡಾವಣೆ ಕೆಡವಿದಾಗ ಮಾಲೀಕರಿಗೆ ಪರಿಹಾರ ಅಂತ ಒಂದಿರುತ್ತದೆ. ಬಾಡಿಗೆಯವರಿಗೆ ಎಷ್ಟೋ ಸಲ ಸಿಗುವುದು ನೋಟಿಸ್ ಮಾತ್ರ. ಮೂರರಲ್ಲಿ ಒಂದು ಸ್ಥಾನ ಬಾಡಿಗೆದಾರರೊಬ್ಬರಿಗೆ ಕೊಡಿ. ಉಳಿದ ಅಭ್ಯರ್ಥಿಗಳನ್ನೂ ಕೇಳಿ, ಎಬ್ಬಿಸಿದ ಬಾಡಿಗೆಯವರು ಆ ರಾತ್ರಿ ಎಲ್ಲಿಗೆ ಹೋಗಬೇಕು ಅಂತ.

ಸಮಯ ಇದೆಯಾ, ಕಡತ ಓದುತ್ತಾರಾ, ಜಾಗಕ್ಕೆ ಹೋಗಿ ನೋಡುತ್ತಾರಾ ಅನ್ನುವುದು ನೀವೇ ಕೇಳುತ್ತೀರಿ, ಅದನ್ನು ಬೆಳೆಸುವುದಿಲ್ಲ.

ನಿಮಗೆ ಕಷ್ಟ ಅನ್ನಿಸಬಹುದಾದ ಪ್ರಶ್ನೆಯೂ ಒಂದಿದೆ. "ನಾನೇ ತಂದ ಯೋಜನೆಗೆ ನೀವು ಬೇಡ ಅನ್ನುವುದು ಯಾವಾಗ?" ಇದನ್ನು ನೀವೇ, ನಿಮ್ಮ ಬಾಯಿಂದಲೇ ಕೇಳಿ. "ಅಂಥ ಸಂದರ್ಭವೇ ಬರಲ್ಲ ಸಾರ್" ಅಂತ ಉತ್ತರ ಬಂದರೆ ಆ ಹೆಸರು ಕೈಬಿಡಿ. ನಿಮ್ಮ ಮೇಲೆ ಗೌರವ ಇಟ್ಟುಕೊಂಡೇ ಹೇಳುತ್ತಿದ್ದೇನೆ. ನೀವು ಒಳ್ಳೆಯ ಮನಸ್ಸಿನಿಂದ ತಂದ ಯೋಜನೆಯಲ್ಲೂ ಕಣ್ತಪ್ಪಿದ ಒಂದು ಅಂಗಳ ಇರುತ್ತದೆ. ಅದನ್ನು ತೋರಿಸುವ ಧೈರ್ಯ ಇರುವವರು ನಿಮ್ಮನ್ನೂ ಉಳಿಸುತ್ತಾರೆ.

ಇಷ್ಟೆಲ್ಲ ಕೇಳಿದರೆ ಒಳ್ಳೆಯವರು ಯಾರೂ ಬರುವುದಿಲ್ಲ ಅಂತ ಒಂದು ವಾದ ಇದೆ. ಅದರಲ್ಲಿ ಸ್ವಲ್ಪ ನಿಜವೂ ಇದೆ, ಹಾಗಾಗಿ ಮಿತಿಯೂ ಬೇಕು. ಅಭ್ಯರ್ಥಿಯ ಕಾಯಿಲೆ, ಮನೆ ಜಗಳ, ದೇವರು ಧರ್ಮ ನಮಗೆ ಬೇಡ. ಹೆಸರಿಲ್ಲದೆ ಬಂದ ದೂರನ್ನು ಸಭೆಯಲ್ಲಿ ಓದುವುದೂ ಬೇಡ. ಯಾರಾದರೂ ಆರೋಪ ಮಾಡಿದರೆ ಅಭ್ಯರ್ಥಿಗೆ ಮೊದಲೇ ತಿಳಿಸಿ, ಉತ್ತರ ಕೊಡಲು ಸಮಯ ಕೊಡಿ. ಆದರೆ ಜಮೀನು ಎಲ್ಲಿದೆ ಅಂತ ಕೇಳಿದ್ದಕ್ಕೇ ಹಿಂದೆ ಸರಿಯುವವರು ಸರಿಯಲಿ ಬಿಡಿ. ಬ್ರಿಟನ್‌ನಲ್ಲಿ 1995ರಲ್ಲಿ ನೋಲನ್ ಸಮಿತಿ ಇದನ್ನೇ ಯೋಚಿಸಿತ್ತು. ಸಾರ್ವಜನಿಕ ಸಂಸ್ಥೆಗಳಿಗೆ ನೇಮಕ ಅರ್ಹತೆಯ ಮೇಲೆ ಆಗಬೇಕು, ಆಯ್ಕೆ ಮಾಡುವವರಲ್ಲಿ ಹೊರಗಿನವರೂ ಇರಬೇಕು, ಇದನ್ನು ನೋಡಿಕೊಳ್ಳಲು ಸ್ವತಂತ್ರ ಆಯುಕ್ತರೊಬ್ಬರು ಬೇಕು ಅಂತ ಹೇಳಿತು. ಅದೇ ವರ್ಷ ಆ ಹುದ್ದೆ ಬಂತು. ಆಮೇಲೂ ಅಲ್ಲಿ ಜನ ಅರ್ಜಿ ಹಾಕುತ್ತಲೇ ಇದ್ದಾರೆ.

ನಿಮ್ಮಿಂದ ಅಷ್ಟು ದೊಡ್ಡದನ್ನು ನಾನು ಕೇಳುತ್ತಿಲ್ಲ. ಮೂರು ಸ್ಥಾನ ಖಾಲಿ ಇದೆ ಅಂತ ಎಲ್ಲರಿಗೂ ಗೊತ್ತಾಗುವ ಹಾಗೆ ಪ್ರಕಟಿಸಿ. ಅರ್ಜಿ ಹಾಕಿದವರ ಹೆಸರನ್ನು ಮೂರು ವಾರ ಮೊದಲೇ ಹೊರಗಿಡಿ. ಒಂದು ಸಂಜೆ, ದುಡಿಯುವವರೂ ಬರಲು ಆಗುವ ಹೊತ್ತಿನಲ್ಲಿ, ಬಾಗಿಲು ತೆರೆದಿಟ್ಟು ಅವರನ್ನು ಮಾತಾಡಿಸಿ. ಎಲ್ಲರಿಗೂ ಒಂದೇ ಪ್ರಶ್ನೆಗಳು. ಅವರ ಉತ್ತರಗಳು ಪೂರ್ತಿಯಾಗಿ ನಡಾವಳಿಯಲ್ಲಿ ಸೇರಲಿ. ನಾಳೆ ಯಾರಾದರೂ ಮಾತು ತಪ್ಪಿದರೆ ಆ ಪುಟ ತೆರೆದು ತೋರಿಸಬಹುದು.

ಆ ಕೆಂಪು ಗೆರೆಯ ಕಡತ ಕೊನೆಯ ಒಪ್ಪಿಗೆಗೆ ಮತ್ತೆ ಬರಲಿದೆ. ಅದು ಬರುವುದು ನೀವು ಈಗ ನೇಮಿಸುವ ಮೂವರ ಮುಂದೆ. ಅಜ್ಜಿ ಇನ್ನೂ ಅದೇ ಮನೆಯಲ್ಲಿದ್ದಾರೆ. ಮೊನ್ನೆ ಸಿಕ್ಕಾಗ ಒಂದೇ ಮಾತು ಕೇಳಿದರು: "ಒಳಗಾ ಹೊರಗಾ ಅಂತ ಹೇಳಿದರಾ?"

ಅಭ್ಯರ್ಥಿಗಳನ್ನು ಮಾತಾಡಿಸುವ ದಿನ ಯಾವುದು ಅಂತ ದಯವಿಟ್ಟು ತಿಳಿಸಿ. ನಾನು ಬರುತ್ತೇನೆ. ಅಜ್ಜಿಯನ್ನೂ ಕರೆದುಕೊಂಡು ಬರುತ್ತೇನೆ.

ಇಂತಿ ನಿಮ್ಮ ವಿಶ್ವಾಸಿ,
ಹಿಂದಿನ ಸಾಲಿನಲ್ಲಿ ಕೂರುವ ಒಬ್ಬ ನಾಗರಿಕ