ಪಟ್ಟಿ ಹಾಕದ ಹೆಲ್ಮೆಟ್ಟು

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ಪತ್ರಿಕೆಯಲ್ಲಿ ಓದುಗರೊಬ್ಬರು ಬರೆದ ಪತ್ರ ಓದಿದೆ. ತಲೆ ನನ್ನದು, ಬಿದ್ದರೆ ನೋವು ನನಗೆ, ಹೆಲ್ಮೆಟ್ ಹಾಕು ಅಂತ ಹೇಳಲಿಕ್ಕೆ ಸರ್ಕಾರ ಯಾರು ಎಂದು ಕೇಳಿದ್ದರು. ನಾನು ಕುಮಟಾದಲ್ಲಿ 22 ವರ್ಷದಿಂದ ಬೈಕ್ ರಿಪೇರಿ ಮಾಡುವವನು. ಇದೇ ಮಾತನ್ನು ದಿನಕ್ಕೆ ಒಬ್ಬರಾದರೂ ನನ್ನ ಗ್ಯಾರೇಜಿನ ಬೆಂಚಿನ ಮೇಲೆ ಕೂತು ಹೇಳುತ್ತಾರೆ. ಅವರಿಗೆಲ್ಲ ಬಾಯಲ್ಲಿ ಹೇಳಿದ್ದನ್ನು ಇವತ್ತು ಬರೆಯುತ್ತಿದ್ದೇನೆ.

ಅವರು ಹೇಳಿದ ಕಷ್ಟ ಸುಳ್ಳಲ್ಲ. ನಮ್ಮ ಕರಾವಳಿಯ ಸೆಕೆ ಎಲ್ಲರಿಗೂ ಗೊತ್ತು. ಏಪ್ರಿಲಿನಲ್ಲಿ ಹೆಲ್ಮೆಟ್ ಹಾಕಿಕೊಂಡು ಪೇಟೆ ದಾಟುವಷ್ಟರಲ್ಲಿ ಬೆವರು ಕಣ್ಣಿಗೆ ಇಳಿಯುತ್ತದೆ. ಮಳೆಗಾಲದಲ್ಲಿ ಒಳಗಿನ ಬಟ್ಟೆ ಒಣಗುವುದೇ ಇಲ್ಲ, ಬೂಷ್ಟು ಹಿಡಿದು ವಾಸನೆ ಬರುತ್ತದೆ. ವೈಸರ್ ಇಳಿಸಿದರೆ ಮಂಜು ಕಟ್ಟುತ್ತದೆ, ಎತ್ತಿದರೆ ಮಳೆ ಮುಖಕ್ಕೆ ರಾಚುತ್ತದೆ. ಅಬ್ಬಲಿಗೆ ದಂಡೆ ಮುಡಿದು ಮದುವೆಗೆ ಹೊರಟ ಹೆಂಗಸರಿಗಂತೂ ಹೇಳುವುದೇ ಬೇಡ. ಇದನ್ನೆಲ್ಲ ಒಪ್ಪುತ್ತೇನೆ. ಆದರೂ ಹಾಕಬೇಕು ಅನ್ನುತ್ತೇನೆ.

ಕೆಲವು ವರ್ಷದ ಹಿಂದೆ, ಜುಲೈ ತಿಂಗಳು. ಶಿರಸಿಗೆ ಹೋಗಿ ಸಾಮಾನು ತೆಗೆದುಕೊಂಡು ಸಂಜೆ ವಾಪಸ್ ಬರುತ್ತಿದ್ದೆ. ದೇವಿಮನೆ ಘಟ್ಟ ಇಳಿಯುವಾಗ ಒಂದು ತಿರುವಿನಲ್ಲಿ ಗುಡ್ಡದ ಕೆಂಪು ಮಣ್ಣು ನೀರಿನ ಜೊತೆ ರಸ್ತೆಗೆ ಬಂದಿತ್ತು. ಮುಂದಿನ ಗಾಲಿ ಅದರ ಮೇಲೆ ಹೋಗಿದ್ದಷ್ಟೇ ಗೊತ್ತು. ಸ್ಪೀಡು ಮೂವತ್ತು ಮೂವತ್ತೈದು ಇದ್ದಿರಬಹುದು, ಅದಕ್ಕಿಂತ ಜಾಸ್ತಿ ಇಲ್ಲ. ಜಾರಿಕೊಂಡು ಹೋಗಿ ರಸ್ತೆ ಅಂಚಿನ ಕಲ್ಲಿಗೆ ತಲೆ ಬಡಿಯಿತು. ಆ ಸದ್ದು ಇವತ್ತಿಗೂ ಕಿವಿಯಲ್ಲಿದೆ. ಸ್ವಲ್ಪ ಹೊತ್ತಿಗೆ ಎದ್ದು ಕೂತೆ. ಹಿಂದೆ ಬರುತ್ತಿದ್ದ ಜೀಪಿನವರು ನಿಲ್ಲಿಸಿ ಹೆಸರು ಕೇಳಿದರು, ಹೇಳಿದೆ.

ಮನೆಗೆ ಬಂದು ಹೆಲ್ಮೆಟ್ ನೋಡಿದರೆ ಹೊರಗೆ ಬರೇ ಒಂದು ಗೀರು. ಒಳಗಿನ ಬಟ್ಟೆ, ಸ್ಪಂಜು ಎಳೆದು ತೆಗೆದೆ. ಅದರ ಹಿಂದೆ ಕಪ್ಪು ಥರ್ಮಾಕೋಲ್ ಇರುತ್ತದೆ. ಎಡಗಿವಿಯ ಮೇಲ್ಗಡೆ ಅದು ನನ್ನ ಹೆಬ್ಬೆರಳು ಕೂರುವಷ್ಟು ತಗ್ಗಾಗಿತ್ತು. ಅಲ್ಲಿಂದ ನೆತ್ತಿಯವರೆಗೆ ಒಡೆದಿತ್ತು. ಅದು ಇರುವುದೇ ಆ ಕೆಲಸಕ್ಕೆ. ಪೆಟ್ಟು ಬಿದ್ದಾಗ ತಾನು ಅಪ್ಪಚ್ಚಿಯಾಗಿ ಪೆಟ್ಟಿನ ಜೋರನ್ನು ತಿಂದುಕೊಳ್ಳುತ್ತದೆ. ಒಮ್ಮೆ ಅಪ್ಪಚ್ಚಿಯಾದದ್ದು ಮತ್ತೆ ಉಬ್ಬುವುದಿಲ್ಲ. ಹಾಗಾಗಿ ಒಂದು ಸಲ ಜೋರಾಗಿ ಬಡಿದ ಹೆಲ್ಮೆಟ್ ಹೊರಗಿನಿಂದ ಎಷ್ಟು ಚೆನ್ನಾಗಿ ಕಂಡರೂ ಮತ್ತೆ ಹಾಕಬಾರದು.

ಅವತ್ತು ಕೈಗೆ ಗ್ಲೌಸ್ ಇರಲಿಲ್ಲ, ಕಾಲಲ್ಲಿ ಹವಾಯಿ ಚಪ್ಪಲಿ. ಎರಡೂ ಅಂಗೈ ಸುಲಿದು ಹೋಯಿತು, ಹೆಬ್ಬೆರಳಿನ ಉಗುರು ಕಿತ್ತು ಬಂತು. ಹದಿನೈದು ದಿನ ಸ್ಪ್ಯಾನರ್ ಹಿಡಿಯಲಿಕ್ಕಾಗಲಿಲ್ಲ. ಊಟಕ್ಕೂ ಹೆಂಡತಿ ಅನ್ನ ಕಲಸಿ ಕೊಡಬೇಕಾಯಿತು. ಆಮೇಲೆ ಚರ್ಮ ಬಂತು, ಉಗುರೂ ಬಂತು. ಈಗ ಘಟ್ಟ ಹತ್ತುವುದಿದ್ದರೆ ಶೂ, ಗ್ಲೌಸ್, ದಪ್ಪ ಜಾಕೆಟ್ ಹಾಕಿಯೇ ಹೊರಡುತ್ತೇನೆ. ಅದನ್ನು ಹಾಕು ಅಂತ ಯಾವ ಪೊಲೀಸರೂ ನನ್ನನ್ನು ಕೇಳಿಲ್ಲ. ಪತ್ರ ಬರೆದವರು ಕೇಳುವ ಸ್ವಾತಂತ್ರ್ಯ ಅಲ್ಲೆಲ್ಲ ಇದೆ. ಮೋಟಾರು ವಾಹನ ಕಾಯ್ದೆಯ 129ನೇ ಕಲಂ ಕೇಳುವುದು ತಲೆಯೊಂದನ್ನು ಮಾತ್ರ. ಮಿದುಳು ಅಂಗೈಯ ಹಾಗೆ ಮತ್ತೆ ಬೆಳೆಯುವುದಿಲ್ಲವಲ್ಲ.

ನೋವು ನನಗೆ ಮಾತ್ರ ಅನ್ನುವ ಮಾತಿಗೆ ಬರುತ್ತೇನೆ. ನಮ್ಮ ಜಿಲ್ಲೆಯಲ್ಲಿ ತಲೆಗೆ ಪೆಟ್ಟಾದರೆ ಮೊದಲು ಕೇಳುವ ಮಾತು 'ಮಣಿಪಾಲಕ್ಕೆ ಒಯ್ಯಿ'. ಕಾರವಾರದವರು ಗೋವಾಕ್ಕೆ ಓಡುತ್ತಾರೆ, ಶಿರಸಿಯವರು ಹುಬ್ಬಳ್ಳಿಗೆ. ಕುಮಟಾದಿಂದ ಮಣಿಪಾಲಕ್ಕೆ ಹೊರಟರೆ ಹೊನ್ನಾವರ, ಭಟ್ಕಳ, ಬೈಂದೂರು, ಕುಂದಾಪುರ ಎಲ್ಲ ದಾಟಬೇಕು. 2022ರ ಜುಲೈನಲ್ಲಿ ಹೊನ್ನಾವರದಿಂದ ರೋಗಿಯನ್ನು ಕರೆದೊಯ್ಯುತ್ತಿದ್ದ ಆಂಬುಲೆನ್ಸ್ ಶಿರೂರು ಟೋಲ್‌ಗೇಟಿನಲ್ಲಿ ಮಗುಚಿದ್ದು ಯಾರು ಮರೆತಿದ್ದಾರೆ? ನಾಲ್ಕು ಜೀವ ಹೋಯಿತು. ರೋಗಿಯ ಜೊತೆ ಹೊರಟವರೂ ಹೋದರು. ಜಿಲ್ಲೆಗೊಂದು ದೊಡ್ಡ ಆಸ್ಪತ್ರೆ ಬೇಕು ಅಂತ ನಾವೆಲ್ಲ ಬೀದಿಗೆ ಇಳಿದೆವು. ಆ ಬೇಡಿಕೆ ಬಿಡಬಾರದು, ನಾನೂ ಬಿಟ್ಟಿಲ್ಲ. ಆದರೆ ನಾನು ಬಿದ್ದರೆ ಆ ರಾತ್ರಿ ನನ್ನ ಜೊತೆ ಹೊರಡುವವರು ನನ್ನ ತಮ್ಮ, ನನ್ನ ಭಾವ. ಮನೆಯಲ್ಲಿ ಬಂಗಾರ ಅಡವಿಡುವವಳು ಹೆಂಡತಿ.

ನಮ್ಮ ಕೇರಿಯಲ್ಲೇ ಒಬ್ಬ ಹುಡುಗ ಇದ್ದಾನೆ. ಅವನು ಹೆಲ್ಮೆಟ್ ಹಾಕಿದ್ದ. ರಸ್ತೆ ಬದಿಯಲ್ಲಿ ಇನ್ನೂರು ರೂಪಾಯಿಗೆ ಸಿಗುವ ಅರ್ಧ ಟೊಪ್ಪಿ, ಅದಕ್ಕೂ ಪಟ್ಟಿ ಹಾಕಿರಲಿಲ್ಲ. ಅವನು ನೆಲ ಮುಟ್ಟುವ ಮೊದಲೇ ಟೊಪ್ಪಿ ಹಾರಿ ಗಟಾರದಲ್ಲಿತ್ತು. ಜೀವ ಉಳಿಯಿತು. ಈಗ ಅವನ ಅವ್ವ ದಿನಾ ಅವನನ್ನು ಜಗಲಿಯಲ್ಲಿ ಕೂರಿಸಿ ಚಮಚದಲ್ಲಿ ಗಂಜಿ ಕುಡಿಸುತ್ತಾಳೆ. ನಾನು ಹೋದರೆ ಅವನು ನನ್ನನ್ನೇ ನೋಡುತ್ತಾನೆ, ಗುರುತು ಹತ್ತುವುದಿಲ್ಲ. ಅವನ ಮೊದಲ ಬೈಕು ಆರಿಸಿ ಕೊಟ್ಟವನು ನಾನು.

ನನ್ನ ಸಿಟ್ಟು ಇರುವುದು ಆ ಟೊಪ್ಪಿಯ ಮೇಲೆ. 2021ರ ಜೂನ್ 1ರಿಂದ ಐಎಸ್‌ಐ ಗುರುತಿಲ್ಲದ ಹೆಲ್ಮೆಟ್ ತಯಾರಿಸುವ ಹಾಗಿಲ್ಲ, ಮಾರುವ ಹಾಗೂ ಇಲ್ಲ. ಆದರೂ ಹೆದ್ದಾರಿ ಬದಿಯಲ್ಲಿ ಹಗ್ಗಕ್ಕೆ ಸಾಲಾಗಿ ನೇತುಹಾಕಿ ಮಾರುತ್ತಾರೆ. ಅದರೊಳಗೆ ಥರ್ಮಾಕೋಲೇ ಇರುವುದಿಲ್ಲ, ಸುಮ್ನೆ ತೆಳು ಸ್ಪಂಜು. ಜನ ಅದನ್ನು ಕೊಳ್ಳುವುದು ಐನೂರು ರೂಪಾಯಿ ದಂಡ ತಪ್ಪಿಸಲಿಕ್ಕೆ. ತಲೆಯ ಯೋಚನೆ ಅಲ್ಲಿ ಇಲ್ಲವೇ ಇಲ್ಲ. ತಪಾಸಣೆ ಮಾಡುವ ಪೊಲೀಸರೂ ತಲೆ ಮೇಲೆ ಏನೋ ಒಂದು ಕಂಡರೆ ಬಿಟ್ಟುಬಿಡುತ್ತಾರೆ. ಹೆಲ್ಮೆಟ್ ಪಟ್ಟಿಯಿಂದ ತಲೆಗೆ ಭದ್ರವಾಗಿ ಬಿಗಿದಿರಬೇಕು ಅಂತ ಕಾನೂನೇ ಹೇಳುತ್ತದೆ. ದಯವಿಟ್ಟು ಗಲ್ಲದ ಕೆಳಗೂ ಒಮ್ಮೆ ನೋಡಿ. ಎರಡು ಬೆರಳು ತೂರುವಷ್ಟು ಬಿಗಿ ಇದ್ದರೆ ಸಾಕು.

ಹಿಂದೆ ಕೂತವರ ವಿಷಯವೂ ಹಾಗೇ. ನಮ್ಮ ರಾಜ್ಯದಲ್ಲಿ 2016ರಿಂದ ಅವರಿಗೂ ಕಡ್ಡಾಯ. ಕೇಂದ್ರದ ಕಾನೂನಿನಲ್ಲಿ ನಾಲ್ಕು ವರ್ಷ ದಾಟಿದ ಮಕ್ಕಳಿಗೂ ಇದೆ. ಗಂಡ ಪೂರ್ತಿ ಹೆಲ್ಮೆಟ್ ಹಾಕಿ, ಹಿಂದೆ ಹೆಂಡತಿ ಸೆರಗು ಹೊದ್ದು, ನಡುವೆ ಮಗು ಬರಿತಲೆಯಲ್ಲಿ ಹೋಗುವುದನ್ನು ದಿನಾ ನೋಡುತ್ತೇನೆ. ತುಂಬಾ ಸಂಕಟವಾಗುತ್ತದೆ. ಮಗುವಿಗೆ ಈ ಸ್ವಾತಂತ್ರ್ಯ ಬೇಕಾ ಅಂತ ಯಾರು ಕೇಳಿದರು?

ಹೆಲ್ಮೆಟ್ ಹಾಕಿಯೂ ಸತ್ತಿದ್ದಾರಲ್ಲ ಎಂದು ಕೆಲವರು ಹೇಳುತ್ತಾರೆ, ಹೌದು. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟು ಮಾಡಿ ನೋಡಿದವರು ಹೆಲ್ಮೆಟ್ಟಿನಿಂದ ಸಾವಿನ ಸಾಧ್ಯತೆ ಶೇ 42ರಷ್ಟು, ತಲೆಪೆಟ್ಟಿನ ಸಾಧ್ಯತೆ ಶೇ 69ರಷ್ಟು ಇಳಿಯುತ್ತದೆ ಎಂದಿದ್ದಾರೆ. ಅಡಿಕೆ ಕೊನೆ ಕೊಯ್ಯುವವರು ಕಾಲಿಗೆ ತಳೆ, ಅಂದರೆ ಜಾರದ ಹಾಗೆ ಹಿಡಿಯುವ ಬಳೆ, ಹಾಕದೆ ಮರ ಹತ್ತುತ್ತಾರಾ? ತಳೆ ಹಾಕಿದವರೂ ಕೆಲವೊಮ್ಮೆ ಬಿದ್ದಿದ್ದಾರೆ. ಹಾಗಂತ ಯಾರೂ ಅದನ್ನು ಬಿಚ್ಚಿ ಎಸೆದಿಲ್ಲ.

ಪತ್ರ ಬರೆದವರಲ್ಲಿ ಒಂದು ಕೋರಿಕೆ. ದೇವಿಮನೆಯಲ್ಲಿ ಒಡೆದ ನನ್ನ ಹೆಲ್ಮೆಟ್ ಗ್ಯಾರೇಜಿನ ಗೋಡೆಯ ಮೊಳೆಗೆ ಹಾಗೇ ನೇತುಹಾಕಿದ್ದೇನೆ. ಈ ಕಡೆ ಬಂದಾಗ ಒಳಗೆ ಬನ್ನಿ. ಚಾ ಕುಡಿಯೋಣ. ಆ ತಗ್ಗಿಗೆ ನಿಮ್ಮ ಹೆಬ್ಬೆರಳು ಇಟ್ಟು ನೋಡಿ.

ಇಂತಿ,
ಒಬ್ಬ ಬೈಕ್ ಮೆಕ್ಯಾನಿಕ್, ಕುಮಟಾ