ಡೊಮೈನ್ ಹೆಸರು: ಉಳಿಸಿಕೊಳ್ಳುವುದೋ, ಬಿಡುವುದೋ

ಸಂಪಾದಕರಿಗೆ,

ಮಾನ್ಯರೇ,

ಡೊಮೈನ್ ಹೆಸರುಗಳ, ಅಂದರೆ ವೆಬ್‌ಸೈಟು ಮತ್ತು ಇಮೇಲ್‌ಗಳಿಗೆ ವಿಳಾಸವಾಗುವ ಹೆಸರುಗಳ, ನವೀಕರಣಕ್ಕೆ ಕಟ್ಟಬೇಕಾದ ಹಣ ಏರುತ್ತಿರುವುದು ದೊಡ್ಡ ಸಂಸ್ಥೆಗಳ ಲೆಕ್ಕಪುಸ್ತಕದಲ್ಲಿ ಕಣ್ಣಿಗೂ ಬೀಳದ ಸಂಗತಿಯಾಗಿರಬಹುದು. ಆದರೆ ಒಂದು ಹವ್ಯಾಸಕ್ಕೆಂದೋ, ಹತ್ತಾರು ಜನರ ಬಳಗಕ್ಕೆಂದೋ, ತೀರಿಹೋದ ಹಿರಿಯರೊಬ್ಬರ ಬರಹಗಳನ್ನು ಜೋಪಾನವಾಗಿಡಲೆಂದೋ ಹೆಸರುಗಳನ್ನು ನೋಂದಾಯಿಸಿಕೊಂಡು, ಅವುಗಳಿಂದ ಬಿಡಿಗಾಸಿನ ಆದಾಯವೂ ಇಲ್ಲದೆ ಸ್ವಂತ ಜೇಬಿನಿಂದಲೇ ನಡೆಸಿಕೊಂಡು ಬಂದವರಿಗೆ ಇದು ಪ್ರತಿ ವರ್ಷವೂ ಎದುರಾಗುವ ಸಂಕಟ. ಇಂಥ ಏಳು ಹೆಸರುಗಳು ನನ್ನಲ್ಲಿವೆ. ಈ ಸಲ ಅವುಗಳನ್ನು ಒಂದೊಂದಾಗಿ ಮುಂದಿಟ್ಟುಕೊಂಡು ಯಾವುದನ್ನು ಉಳಿಸಬೇಕು, ಯಾವುದನ್ನು ಬಿಡಬೇಕು ಎಂದು ಯೋಚಿಸುವಾಗ ತಿಳಿದುಬಂದ ಕೆಲವು ಸಂಗತಿಗಳನ್ನು, ನನ್ನಂತೆಯೇ ಇಂಥ ಹೆಸರುಗಳನ್ನು ಇಟ್ಟುಕೊಂಡಿರುವ ಓದುಗರ ಗಮನಕ್ಕೆ ತರಬೇಕೆಂಬ ಉದ್ದೇಶದಿಂದ ಈ ಪತ್ರ ಬರೆಯುತ್ತಿದ್ದೇನೆ.

ಮೊದಲಿಗೆ ಬೆಲೆಯ ವಿಷಯ. 1995ರ ಸೆಪ್ಟೆಂಬರ್‌ವರೆಗೆ ಡಾಟ್ ಕಾಮ್ ಹೆಸರನ್ನು ನೋಂದಾಯಿಸಲು ಹಣವನ್ನೇ ಕೊಡಬೇಕಿರಲಿಲ್ಲ. ಆಗ ನೋಂದಣಿಯ ಹೊಣೆ ಹೊತ್ತಿದ್ದ ನೆಟ್‌ವರ್ಕ್ ಸೊಲ್ಯೂಷನ್ಸ್ ಆ ತಿಂಗಳಿಂದ ಎರಡು ವರ್ಷಕ್ಕೆ 100 ಡಾಲರ್ ಶುಲ್ಕ ವಿಧಿಸಿತು. ಮುಂದೆ ಪೈಪೋಟಿ ಬಂದು ಬೆಲೆ ಇಳಿಯಿತು. ಇಂದು ಡಾಟ್ ಕಾಮ್ ನೋಂದಣಿಯ ಮೂಲ ಪಟ್ಟಿಯನ್ನು ನಿರ್ವಹಿಸುವ ವೆರಿಸೈನ್ ಸಂಸ್ಥೆಯು ನಮಗೆ ಹೆಸರು ಮಾರುವ ಮಾರಾಟಗಾರರಿಂದ ಹೆಸರೊಂದಕ್ಕೆ ವರ್ಷಕ್ಕೆ ಪಡೆಯುವ ಸಗಟು ದರ 2012ರಿಂದ 2021ರವರೆಗೆ 7.85 ಡಾಲರ್‌ನಲ್ಲೇ ನಿಂತಿತ್ತು. ಬಳಿಕ ನಾಲ್ಕು ವರ್ಷ ಸತತವಾಗಿ ಶೇ 7ರಂತೆ ಏರಿ 2024ರ ಸೆಪ್ಟೆಂಬರ್‌ನಲ್ಲಿ 10.26 ಡಾಲರ್‌ಗೆ ಬಂದು ಮುಟ್ಟಿತು. ಏರಿದ್ದು ನಿಜವಾದರೂ, ಎಷ್ಟು ಏರಬಹುದೆಂಬುದಕ್ಕೆ ಅಮೆರಿಕ ಸರ್ಕಾರದೊಂದಿಗಿನ ಒಪ್ಪಂದದಲ್ಲಿ ಒಂದು ಮಿತಿಯಿದೆ.

ಆ ಮಿತಿ ಎಲ್ಲ ಹೆಸರುಗಳಿಗೂ ಇದೆಯೆಂದು ನಾನು ಬಹುಕಾಲ ನಂಬಿದ್ದೆ. ಅದು ತಪ್ಪು. ಅಂತರಜಾಲದ ಹೆಸರುಗಳ ವ್ಯವಸ್ಥೆಯನ್ನು ಸಂಯೋಜಿಸುವ ಐಕಾನ್ 2012ರಲ್ಲಿ ಹೊಸ ಕೊನೆಪದಗಳಿಗೆ, ಅಂದರೆ ಡಾಟ್ ಕಾಮ್‌ನಂತೆ ಹೆಸರಿನ ಕೊನೆಗೆ ಬರುವ ಪದಗಳಿಗೆ, ಅರ್ಜಿ ಕರೆದಾಗ 1930 ಅರ್ಜಿಗಳು ಬಂದವು. ಪ್ರತಿ ಅರ್ಜಿಯ ಶುಲ್ಕ 1,85,000 ಡಾಲರ್. ಒಂದೊಂದು ಕಸುಬಿಗೆ, ಒಂದೊಂದು ಆಸಕ್ತಿಗೆ ಹೊಂದುವ ನೂರಾರು ಕೊನೆಪದಗಳು ಹೀಗೆ ಬಳಕೆಗೆ ಬಂದವು. ಆದರೆ ಇವುಗಳ ಒಪ್ಪಂದಗಳಲ್ಲಿ ಬೆಲೆಗೆ ಯಾವ ಮಿತಿಯೂ ಇಲ್ಲ. 2017ರಲ್ಲಿ ಯೂನಿರಿಜಿಸ್ಟ್ರಿ ಎಂಬ ಸಂಸ್ಥೆ ತನ್ನ ಕೆಲವು ಕೊನೆಪದಗಳ ದರವನ್ನು ಹಲವು ಪಟ್ಟು ಏರಿಸುವುದಾಗಿ ಪ್ರಕಟಿಸಿದಾಗ, ಅತಿ ದೊಡ್ಡ ಮಾರಾಟಗಾರರಲ್ಲಿ ಒಂದಾದ ಗೋಡ್ಯಾಡಿ ಆ ಸಂಸ್ಥೆಯ ಕೊನೆಪದಗಳ ಹೊಸ ಮಾರಾಟವನ್ನೇ ನಿಲ್ಲಿಸಿತು. ಲಾಭದ ಉದ್ದೇಶವಿಲ್ಲದ ಸಂಘಟನೆಗಳು ನೆಚ್ಚಿಕೊಂಡಿರುವ ಡಾಟ್ ಆರ್ಗ್‌ನ ಬೆಲೆಯ ಮಿತಿಯನ್ನೂ 2019ರಲ್ಲಿ ತೆಗೆದುಹಾಕಲಾಯಿತು. ಅದೇ ವರ್ಷ ಅದರ ನಿರ್ವಹಣಾ ಸಂಸ್ಥೆಯನ್ನು 113.5 ಕೋಟಿ ಡಾಲರ್‌ಗೆ ಕೊಳ್ಳಲು ಖಾಸಗಿ ಹೂಡಿಕೆ ಸಂಸ್ಥೆಯೊಂದು ಮುಂದೆ ಬಂದಿತು. ವ್ಯಾಪಕ ವಿರೋಧದ ನಡುವೆ 2020ರ ಏಪ್ರಿಲ್ 30ರಂದು ಐಕಾನ್ ಅದಕ್ಕೆ ಒಪ್ಪಿಗೆ ನಿರಾಕರಿಸಿತು. ಮಾರಾಟ ನಿಂತಿತೇ ಹೊರತು, ತೆಗೆದ ಮಿತಿ ಅದರಿಂದ ಮರಳಲಿಲ್ಲ.

ನನ್ನ ಮುಖ್ಯ ದೂರು ಬೆಲೆ ಏರಿಕೆಯ ಬಗ್ಗೆಯೂ ಅಲ್ಲ, ಆ ಏರಿಕೆಯ ಸುದ್ದಿ ಯಾರಿಗೆ ತಲುಪುತ್ತದೆ ಎಂಬುದರ ಬಗ್ಗೆ. ಹೊಸ ಕೊನೆಪದಗಳ ಒಪ್ಪಂದದ ಪ್ರಕಾರ, ನವೀಕರಣದ ದರ ಏರಿಸುವ 180 ದಿನ ಮೊದಲೇ ಸೂಚನೆ ಕೊಡಬೇಕು, ಮತ್ತು ಏರಿಕೆ ಜಾರಿಗೆ ಬರುವ ಮುನ್ನ ಹತ್ತು ವರ್ಷಗಳವರೆಗೆ ಹಳೆಯ ದರದಲ್ಲೇ ನವೀಕರಿಸಿಕೊಳ್ಳಲು ಅವಕಾಶ ಕೊಡಬೇಕು. ಇಷ್ಟು ಒಳ್ಳೆಯ ನಿಯಮವಿದ್ದರೂ, ಆ ಸೂಚನೆ ಹೋಗುವುದು ಐಕಾನ್‌ಗೆ ಮತ್ತು ರಿಜಿಸ್ಟ್ರಾರ್ ಎಂದು ಕರೆಯಲಾಗುವ ಮಾರಾಟಗಾರರಿಗೆ. ಅವಕಾಶವನ್ನು ಕೊಡುವುದೂ ಮಾರಾಟಗಾರರಿಗೇ. ಹೆಸರನ್ನು ನಿಜವಾಗಿ ಬಳಸುತ್ತಿರುವ ನೋಂದಣಿದಾರರು ಆ ಒಪ್ಪಂದದಲ್ಲಿ ಪಕ್ಷಗಾರರೇ ಅಲ್ಲ. ನನ್ನ ಒಂದು ಹೆಸರಿನ ದರ ಹಿಂದಿನ ವರ್ಷಕ್ಕಿಂತ ದುಪ್ಪಟ್ಟಾಗಿರುವುದು ನನಗೆ ತಿಳಿದದ್ದು ಕಾರ್ಡಿನಿಂದ ಹಣ ತಾನಾಗಿಯೇ ಕಡಿತವಾದ ಮೇಲೆ. ಮೊದಲೇ ಗೊತ್ತಿದ್ದರೆ ಹತ್ತು ವರ್ಷಕ್ಕೆ ಒಮ್ಮೆಗೇ ಕಟ್ಟುತ್ತಿದ್ದೆ, ಇಲ್ಲವೇ ನೆಮ್ಮದಿಯಾಗಿ ಬಿಡುತ್ತಿದ್ದೆ. ಎರಡೂ ನನ್ನ ಕೈತಪ್ಪಿದವು.

ಬಿಡುವುದೋ ಇಟ್ಟುಕೊಳ್ಳುವುದೋ ಎಂಬ ಪ್ರಶ್ನೆ ಬಂದಾಗ ಮನಸ್ಸು ಸಹಜವಾಗಿ ಎರಡು ಲೆಕ್ಕಗಳ ಕಡೆ ವಾಲುತ್ತದೆ: ಇಷ್ಟು ವರ್ಷ ಕಟ್ಟಿದ ಹಣ ವ್ಯರ್ಥವಾಗುತ್ತದಲ್ಲ ಎಂಬುದು ಒಂದು, ಮುಂದೆ ಯಾರಾದರೂ ಒಳ್ಳೆಯ ಬೆಲೆಗೆ ಕೇಳಬಹುದಲ್ಲ ಎಂಬುದು ಇನ್ನೊಂದು. ಎರಡನ್ನೂ ಬದಿಗಿಡಬೇಕೆಂದು ನನ್ನ ಅನುಭವ ಹೇಳುತ್ತದೆ. ಕಟ್ಟಿದ ಹಣ ಆ ವರ್ಷಗಳ ಬಳಕೆಗೆ ಸಂದುಹೋಗಿದೆ. ಇನ್ನು ವಿಶೇಷ ಆಸಕ್ತಿಯ ಹೆಸರಿಗೆ ಕೊಳ್ಳುವವರೂ ವಿರಳ. ಹನ್ನೆರಡು ವರ್ಷಗಳಲ್ಲಿ ನನ್ನ ಏಳು ಹೆಸರುಗಳಲ್ಲಿ ಯಾವುದನ್ನೂ ಯಾರೂ ಕೇಳಿಲ್ಲ. ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆ: ಈ ಹೆಸರಿನ ಕೊಂಡಿಗೆ ಯಾರ್ಯಾರು, ಏನೇನು ಜೋತುಬಿದ್ದಿದ್ದಾರೆ? ನಾನು ಬಿಟ್ಟ ಮರುದಿನ ಬೇರೊಬ್ಬರು ಅದನ್ನು ಎತ್ತಿಕೊಂಡರೆ ಅವರ ಕೈಗೆ ಏನು ಸಿಗುತ್ತದೆ?

ಹೆಸರು ಬಿಡುವುದೆಂದರೆ ಅದು ಅಳಿದುಹೋಗುತ್ತದೆ ಎಂದೇ ಹಲವರು ತಿಳಿದಿದ್ದಾರೆ. ಅದು ಅಳಿಯುವುದಿಲ್ಲ, ಕೈ ಬದಲಾಗುತ್ತದೆ. ಆ ಹೆಸರಿನಲ್ಲಿ ಒಂದು ಕಾಲಕ್ಕೆ ಇಮೇಲ್ ವಿಳಾಸವಿದ್ದರೆ, ಹೊಸದಾಗಿ ನೋಂದಾಯಿಸಿಕೊಂಡವರಿಗೆ ಆ ವಿಳಾಸಕ್ಕೆ ಬರುವ ಪತ್ರಗಳೆಲ್ಲ ಸಿಗುತ್ತವೆ. ಬ್ಯಾಂಕ್, ಸಾಮಾಜಿಕ ಜಾಲತಾಣ, ಕಚೇರಿಯ ಖಾತೆ ಯಾವುದರಲ್ಲಾದರೂ "ಪಾಸ್‌ವರ್ಡ್ ಮರೆತಿದ್ದೇನೆ" ಎಂದು ಒತ್ತಿದರೆ ಬರುವ ಸಂದೇಶವೂ ಅವರಿಗೇ ಹೋಗುತ್ತದೆ. ಇದು ಕೇವಲ ಭೀತಿಯ ಮಾತಲ್ಲ. 2022ರ ಮೇ ತಿಂಗಳಲ್ಲಿ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಪ್ಯಾಕೇಜ್‌ಗಳ, ಅಂದರೆ ಯಾರು ಬೇಕಾದರೂ ಬಳಸಬಹುದಾದ ಸಿದ್ಧ ತುಣುಕುಗಳ, ಸಂಗ್ರಹದಲ್ಲಿದ್ದ ಸಿಟಿಎಕ್ಸ್ ಎಂಬ ಹಳೆಯ ಪ್ಯಾಕೇಜನ್ನು ವಶಪಡಿಸಿಕೊಂಡ ವ್ಯಕ್ತಿ, ಅದರ ಮೂಲ ಕರ್ತೃವಿನ ಅವಧಿ ಮುಗಿದ ಡೊಮೈನನ್ನು ಮರುನೋಂದಾಯಿಸಿ, ಪಾಸ್‌ವರ್ಡ್ ಬದಲಿಸಿ, ಬಳಕೆದಾರರ ಗುಟ್ಟಿನ ಮಾಹಿತಿ ಕದಿಯುವ ಸಾಲುಗಳನ್ನು ಅದರೊಳಗೆ ಸೇರಿಸಿದ. 2024ರಲ್ಲಿ ಭದ್ರತಾ ಸಂಶೋಧಕರು ಡಾಟ್ ಮೊಬಿ ಕೊನೆಪದದ ಹೆಸರುಗಳು ಯಾರವೆಂದು ತಿಳಿಸುವ ಹಳೆಯ ಸರ್ವರ್ ಇದ್ದ, ಅವಧಿ ಮುಗಿದುಬಿದ್ದಿದ್ದ ಡೊಮೈನನ್ನು 20 ಡಾಲರ್‌ಗೆ ಕೊಂಡರು. ಲೋಕದ ನಾನಾ ಮೂಲೆಗಳ ವ್ಯವಸ್ಥೆಗಳು ಇನ್ನೂ ಅದನ್ನೇ ನಂಬಿ ಪ್ರಶ್ನೆ ಕಳಿಸುತ್ತಿರುವುದನ್ನು ಕಂಡರು. ಮರೆವಂತೂ ದೊಡ್ಡವರನ್ನೂ ಬಿಟ್ಟಿಲ್ಲ: 1999ರ ಡಿಸೆಂಬರ್‌ನಲ್ಲಿ ಮೈಕ್ರೋಸಾಫ್ಟ್ ತನ್ನ ಪಾಸ್‌ಪೋರ್ಟ್ ಡಾಟ್ ಕಾಮ್ ಹೆಸರಿನ 35 ಡಾಲರ್ ಶುಲ್ಕ ಕಟ್ಟಲು ಮರೆತು, ಆ ಹೆಸರನ್ನು ನೆಚ್ಚಿಕೊಂಡಿದ್ದ ಅದರ ಇಮೇಲ್ ಸೇವೆ ಹಾಟ್‌ಮೇಲ್‌ನ ಬಳಕೆದಾರರು ಅಡಚಣೆಗೊಳಗಾದಾಗ, ಹೊರಗಿನವರೊಬ್ಬರು ತಮ್ಮ ಹಣದಿಂದ ಅದನ್ನು ಕಟ್ಟಿದರು.

ನನ್ನದೇ ತಪ್ಪೊಂದನ್ನು ಇಲ್ಲಿ ಹೇಳಬೇಕು. ಕೆಲವು ವರ್ಷಗಳ ಹಿಂದೆ, ನಕ್ಷತ್ರ ವೀಕ್ಷಣೆಯ ನಮ್ಮ ಸಣ್ಣ ಬಳಗದ ಹಳೆಯ ಹೆಸರನ್ನು, ಹೊಸದೊಂದು ಇದೆಯಲ್ಲ ಎಂಬ ಧೈರ್ಯದಿಂದ ಬಿಟ್ಟುಬಿಟ್ಟೆ. ಮೂರು ತಿಂಗಳೊಳಗೆ ಆ ವಿಳಾಸದಲ್ಲಿ ಜೂಜಿನ ಜಾಹೀರಾತುಗಳು ತೆರೆದುಕೊಂಡವು. ಶಾಲಾ ಮಕ್ಕಳಿಗಾಗಿ ನಾವು ಅಚ್ಚು ಮಾಡಿಸಿ ಹಂಚಿದ್ದ ನಕ್ಷೆಗಳ ಕೆಳಗೆ ಇದ್ದದ್ದು ಅದೇ ವಿಳಾಸ. ಕಾಗದದ ಮೇಲೆ ಅಚ್ಚಾದದ್ದನ್ನು ತಿದ್ದಲಾಗುವುದಿಲ್ಲ. ಆ ನಕ್ಷೆಗಳನ್ನು ಪಡೆದಿದ್ದ ಶಿಕ್ಷಕಿಯೊಬ್ಬರು ಫೋನ್ ಮಾಡಿ, "ಸರ್, ಮಕ್ಕಳ ಮುಂದೆ ಇದನ್ನು ತೆರೆದೆ" ಎಂದಾಗ ನನಗೆ ಆದ ನಾಚಿಕೆ ಇನ್ನೂ ಹೋಗಿಲ್ಲ.

ಆದ್ದರಿಂದ ಬಿಡುವುದಾದರೆ ಬಾಡಿಗೆ ಮನೆ ಖಾಲಿ ಮಾಡುವಷ್ಟು ಎಚ್ಚರದಿಂದ ಬಿಡಬೇಕು. ಬಿಡಬೇಕೆಂದು ತೀರ್ಮಾನಿಸಿದ ಮೇಲೂ ಕನಿಷ್ಠ ಇನ್ನೊಂದು ವರ್ಷಕ್ಕೆ ಹಣ ಕಟ್ಟಿ, ಆ ವರ್ಷವಿಡೀ ಅದರ ಎಲ್ಲ ವಿಳಾಸಗಳಿಗೆ ಬರುವ ಇಮೇಲನ್ನು ಒಂದೇ ಪೆಟ್ಟಿಗೆಗೆ ಬರುವಂತೆ ಮಾಡಿ ಗಮನಿಸಬೇಕು. ನಾವು ಮರೆತೇಹೋಗಿದ್ದ ಖಾತೆಗಳು ಆಗ ತಾವಾಗಿಯೇ ಬಂದು ಬಾಗಿಲು ತಟ್ಟುತ್ತವೆ: ಯಾವುದೋ ವಿಮೆಯ ನೆನಪೋಲೆ, ಯಾವುದೋ ಹಳೆಯ ಖಾತೆಯ ಎಚ್ಚರಿಕೆ. ಒಂದೊಂದನ್ನೂ ಬೇರೆ ವಿಳಾಸಕ್ಕೆ ಬದಲಿಸುತ್ತ, ವೆಬ್‌ಸೈಟನ್ನು ಹೊಸ ವಿಳಾಸಕ್ಕೆ ತಿರುಗಿಸಿ, ಪುಟಗಳ ಪ್ರತಿಯನ್ನು, ಹಳೆಯ ವೆಬ್ ಪುಟಗಳನ್ನು ಕಾಪಿಡುವ ಇಂಟರ್ನೆಟ್ ಆರ್ಕೈವ್‌ನಲ್ಲಿ ಉಳಿಸಿದ ಮೇಲೆ ಕೈಬಿಡಬಹುದು. ಆ ಹೆಸರಿನ ಇಮೇಲ್ ವರ್ಷಗಟ್ಟಲೆ ಬ್ಯಾಂಕಿಗೋ ಆಸ್ಪತ್ರೆಗೋ ಕೊಟ್ಟ ವಿಳಾಸವಾಗಿದ್ದರೆ, ನನ್ನ ಅಭಿಪ್ರಾಯದಲ್ಲಿ, ಅದನ್ನು ಬಿಡಲೇಬಾರದು. ಅದರ ಶುಲ್ಕವನ್ನು ಬೀಗದ ಖರ್ಚೆಂದು ತಿಳಿಯಬೇಕು.

ಬೆಲೆ ಹೆಚ್ಚಾಯಿತೆಂದು ಬಿಡುವ ಮೊದಲು, ಹೆಚ್ಚಿಸಿದ್ದು ಯಾರು ಎಂಬುದನ್ನೂ ನೋಡಬೇಕು. ಮೂಲ ದರವೇ ಏರಿದ್ದರೆ ಎಲ್ಲಿ ಹೋದರೂ ಅದೇ. ಮಾರಾಟಗಾರರು ತಮ್ಮ ಪಾಲನ್ನು ಏರಿಸಿದ್ದರೆ ಹೆಸರನ್ನು ಬೇರೆ ಮಾರಾಟಗಾರರಿಗೆ ವರ್ಗಾಯಿಸಿಕೊಳ್ಳಬಹುದು, ಡಾಟ್ ಕಾಮ್‌ನಂಥವುಗಳಲ್ಲಿ ವರ್ಗಾವಣೆಯ ಶುಲ್ಕದಲ್ಲೇ ಒಂದು ವರ್ಷದ ನವೀಕರಣವೂ ಸೇರಿರುತ್ತದೆ. ಮೊದಲ ವರ್ಷ ಅಗ್ಗ, ಎರಡನೆಯ ವರ್ಷದಿಂದ ಹಲವು ಪಟ್ಟು ಎಂಬ ಮಾರಾಟದ ತಂತ್ರಕ್ಕೆ ನಾನೂ ಬಲಿಯಾಗಿದ್ದೇನೆ. ಇನ್ನು ಅವಧಿ ಮುಗಿದ ಮೇಲೆ ನೋಡಿಕೊಳ್ಳೋಣ ಎಂಬ ಉದಾಸೀನ ಬೇಡ: ಅಳಿಸಿದ ಹೆಸರನ್ನು ಮರಳಿ ಪಡೆಯಲು ಸಾಮಾನ್ಯವಾಗಿ 30 ದಿನಗಳ ಅವಕಾಶವಿರುತ್ತದೆ, ಆದರೆ ಆಗ ತೆರಬೇಕಾದ ದಂಡ ನವೀಕರಣದ ಶುಲ್ಕಕ್ಕಿಂತ ಬಹಳ ದೊಡ್ಡದು.

ಐಕಾನ್‌ನ ಈಗಿನ ನಿಯಮದಂತೆ ಅವಧಿ ಮುಗಿಯುವ ಸುಮಾರು ಒಂದು ತಿಂಗಳು ಮೊದಲೊಮ್ಮೆ, ಒಂದು ವಾರ ಮೊದಲೊಮ್ಮೆ ಮಾರಾಟಗಾರರು ನೋಂದಣಿದಾರರಿಗೆ ತಿಳಿಸಲೇಬೇಕು. ತಿಳಿಸುವ ಏರ್ಪಾಡು ಇದೆಯೆಂದಾಯಿತು. ಹಾಗಿದ್ದ ಮೇಲೆ, ದರ ಏರಿಕೆಯ 180 ದಿನಗಳ ಸೂಚನೆಯನ್ನೂ, ಹಳೆಯ ದರದಲ್ಲಿ ಹತ್ತು ವರ್ಷ ನವೀಕರಿಸಿಕೊಳ್ಳುವ ಅವಕಾಶವನ್ನೂ ಅದೇ ದಾರಿಯಲ್ಲಿ ನೇರವಾಗಿ ನೋಂದಣಿದಾರರಿಗೆ ತಲುಪಿಸುವುದು ಕಡ್ಡಾಯವಾಗಬೇಕು. ಹಳೆಯ ಮತ್ತು ಹೊಸ ದರಗಳೆರಡೂ ಅದೇ ಪತ್ರದಲ್ಲಿ ಅಕ್ಕಪಕ್ಕ ಇರಬೇಕು. ಐಕಾನ್ ತನ್ನ ನಿಯಮಗಳಿಗೆ ತಿದ್ದುಪಡಿ ತರುವ ಮುನ್ನ ಸಾರ್ವಜನಿಕರ ಅಭಿಪ್ರಾಯ ಕೇಳುತ್ತದೆ. 2019ರಲ್ಲಿ ಡಾಟ್ ಆರ್ಗ್ ಮಿತಿಯ ವಿಷಯದಲ್ಲಿ ಮೂರು ಸಾವಿರಕ್ಕೂ ಹೆಚ್ಚು ಜನ ಬರೆದರು, ಬಹುತೇಕ ಎಲ್ಲರೂ ವಿರೋಧಿಸಿಯೇ ಬರೆದರು, ಆದರೂ ಮಿತಿ ಹೋಯಿತು. ಹಾಗೆಂದು ಬರೆಯುವುದನ್ನು ನಿಲ್ಲಿಸಬಾರದು. ಬೆಲೆಯನ್ನು ಕಟ್ಟಿಹಾಕಬೇಕೆಂಬ ಬೇಡಿಕೆಗಿಂತ ಇದು ಚಿಕ್ಕದು, ಯಾರ ಆದಾಯಕ್ಕೂ ನೇರವಾಗಿ ಕೈಹಾಕದ ಬೇಡಿಕೆ. ಇದಕ್ಕಾದರೂ ಅವರು ಒಪ್ಪಬೇಕು.

ನನ್ನ ಏಳು ಹೆಸರುಗಳಲ್ಲಿ, ಎಂದೂ ಶುರುವಾಗದ ಯೋಜನೆಯೊಂದಕ್ಕೆ ತೆಗೆದುಕೊಂಡಿದ್ದನ್ನೂ ಬೇರೆ ಕಾಗುಣಿತದ ಎರಡನ್ನೂ ಈ ವರ್ಷ ಬಿಡುತ್ತಿದ್ದೇನೆ. ಅವುಗಳಲ್ಲಿ ಎಂದೂ ಇಮೇಲ್ ಇರಲಿಲ್ಲ, ಎಲ್ಲಿಯೂ ಅಚ್ಚಾಗಿಲ್ಲ. ದುಪ್ಪಟ್ಟು ದರದ ಹೆಸರಿಗೆ ಕೊನೆಯ ಬಾರಿ ಒಂದು ವರ್ಷದ ಹಣ ಕಟ್ಟಿ, ಪೆಟ್ಟಿಗೆಗೆ ಬರುವ ಪತ್ರಗಳನ್ನು ನೋಡುತ್ತಿದ್ದೇನೆ. ಬಳಗದ ಈಗಿನ ಹೆಸರು ಮತ್ತು ಮನೆಯವರೆಲ್ಲರ ಇಮೇಲ್ ಇರುವ ಹೆಸರು ಉಳಿಯುತ್ತವೆ. ನನ್ನ ತಂದೆಯ ಪತ್ರಗಳನ್ನು ಇಟ್ಟಿರುವ ಹೆಸರನ್ನು ಮಾತ್ರ ನಿಯಮ ಕೊಡುವಷ್ಟೂ ಕಾಲಕ್ಕೆ, ಹತ್ತು ವರ್ಷಕ್ಕೆ, ನವೀಕರಿಸಿದ್ದೇನೆ. ಅದರ ಪಾಸ್‌ವರ್ಡನ್ನೂ ಕೊನೆಯ ದಿನಾಂಕವನ್ನೂ ಮಗಳಿಗೆ ಬರೆದುಕೊಟ್ಟಿದ್ದೇನೆ.

ಇತಿ,
ತಮ್ಮ ವಿಶ್ವಾಸಿ,
ಒಬ್ಬ ಓದುಗ